ಒಡಪಿನಲ್ಲಿ ಹೇಳಿದ ಹೆಸರು

ಕೊಲ್ಲಾಪುರ,
ನವರಾತ್ರಿ, ಘಟಸ್ಥಾಪನೆಯ ದಿನ

ವೆಂಗುರ್ಲೆಯ ಸಮುದ್ರ ನೋಡುತ್ತ ಮುನಿಸಿಕೊಂಡು ಕೂತಿರುವ ನಮ್ಮನೆಯವರಿಗೆ ಇಂದುಮತಿಯ ನಮಸ್ಕಾರ.

ಇಷ್ಟು ವರ್ಷಗಳ ಮೇಲೆ ನನ್ನ ಕಾಗದ ಕಂಡು ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಪುಣೆಯ ಪ್ರಕಾಶಕರು ನಿಮ್ಮ ಕಥೆಗಳನ್ನು ಮತ್ತೆ ಅಚ್ಚು ಹಾಕುತ್ತೇವೆಂದರೆ, "ನನ್ನ ಓದೋರು ಯಾರೂ ಉಳಿದಿಲ್ಲ" ಎಂದು ಎರಡು ಸಲ ವಾಪಸು ಬರೆದಿರಂತೆ. ನಿಮ್ಮ ಸಹಿ ಇಲ್ಲದೆ ಪುಸ್ತಕವಿಲ್ಲ. ಈ ಮನೆ ಬಿಟ್ಟು ಅಲ್ಲಿ ನಿಮ್ಮ ತಂಗಿಯ ಮನೆಗೆ ಹೋದಾಗಲೂ ಇದೇ ಮಾತು ಹೇಳಿದ್ದಿರಿ. ಅದಕ್ಕೆ ಉತ್ತರ ಈಗ ನನ್ನ ಹತ್ತಿರ ಇದೆ, ಪೂರ್ತಿ ಓದಿ.

ಗಣಪತಿ ಹಬ್ಬದಲ್ಲಿ ಒಂದು ಸಂಜೆ ನಮ್ಮ ಗಲ್ಲಿಯ ಮಂಡಳಕ್ಕೆ ಆರ್ಕೆಸ್ಟ್ರಾದವರು ಕೈಕೊಟ್ಟರು. ಜನ ಬಂದು ಕೂತಾಗಿತ್ತು. ಮಂಡಳದ ಅಧ್ಯಕ್ಷ ಸಂಗ್ರಾಮ ಓಡಿ ಬಂದು, "ಕಾಕೂ, ಮರ್ಯಾದಿ ಉಳಸ್ರಿ, ಏನಾರ ಹಾಡ್ರಿ" ಅಂದ. ನಾನು ಹಾಡಿದ್ದರೆ ಗಣಪತಿ ಅಂದೇ ನೀರಿಗೆ ಹಾರುತ್ತಿದ್ದ. ಹಳೆಯ ದೀಪಾವಳಿ ವಿಶೇಷಾಂಕ ಹಿಡಿದುಕೊಂಡು ಹೋಗಿ ನಿಮ್ಮ 'ಹಪ್ಪಳದ ಹಿಟ್ಟು' ಓದಿದೆ.

ಅತ್ತೆ ಸತ್ತಿದ್ದಾಳೆ, ಕಲಸಿದ ಹಿಟ್ಟು ಕೆಡುತ್ತದೆಂದು ಸೊಸೆಯರು ಮೊದಲು ಹಪ್ಪಳ ಲಟ್ಟಿಸಿ ಆಮೇಲೆ ಅಳುತ್ತಾರಲ್ಲ, ಅಲ್ಲಿಯ ತನಕ ನಗುತ್ತಿದ್ದ ಹೆಂಗಸರು ಕಣ್ಣೊರೆಸಿಕೊಳ್ಳತೊಡಗಿದರು. ಎದುರು ಮನೆಯ ಅಕ್ಕಾತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಜನ್ಮವಿಡೀ ಅತ್ತೆಯನ್ನು ಬೈದವಳು ಅವಳು!

ಓದಿ ಮುಗಿಸಿದ್ದೇ ಸಂಗ್ರಾಮ ಮೈಕು ಹಿಡಿದು, "ಇಂಥಾ ಕಥಿ ಬರದ ನಮ್ಮ ಇಂದುಮತಿ ಕಾಕೂಗ ಜೋರಾಗಿ ಚಪ್ಪಾಳಿ!" ಎಂದು ಕೂಗಿದ. ಶಾಲು ಹೊದಿಸಿ ತೆಂಗಿನಕಾಯಿ ಕೈಗಿಟ್ಟ. ಅವನಾದರೂ ಏನು ಮಾಡಿಯಾನು? ಗಂಡನ ಹೆಸರು ಬಾಯಲ್ಲಿ ಆಡುವುದು ಹೇಗೆಂದು, ಬರೆದವರು ಯಾರೆಂದು ಹೇಳದೆಯೇ ನಾನು ಓದಲು ಶುರುಮಾಡಿದ್ದೆ.

ಶಾಲು ಬೆಚ್ಚಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮದನ್ನು ನಾನು ಹೊದೆಯಲೇ? "ನಾ ಬರದದ್ದಲ್ಲ, ನಮ್ಮನಿಯವರು" ಅಂದೆ. "ಅವರ ಹೆಸರೇನ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಿಮ್ಮ ಸ್ವಂತ ಗಲ್ಲಿಯಲ್ಲಿ! ಅಷ್ಟರಲ್ಲಿ ಅಕ್ಕಾತಾಯಿ ಮೂಗು ಒರೆಸಿಕೊಂಡು ಎದ್ದಳು: "ಗಂಡ ಬಿಟ್ಟು ಹ್ವಾದ್ರೂ ಹಣಿಮ್ಯಾಲ ಕುಂಕುಮ ಐತಲ್ಲ! ಮದುವ್ಯಾಗ ಹೇಳಿದಂಗ ಗಂಡನ ಹೆಸರ ಒಡಪಿನ್ಯಾಗ ಕಟ್ಟಿ ಹೇಳ ಇಂದೂ, ಹಂಗ ಬಿಡೂದಿಲ್ಲ!"

ಮೈಕಿನಲ್ಲೇ ಹೇಳಿದೆ:

"ಕೊಲ್ಲಾಪುರದ ಬೆಲ್ಲಕ್ಕ ಯಾಕ ಬೇಕು ಗುರುತಿನ ಚೀಟಿ?
ಶ್ರೀಪಾದರಾಯರ ಕಥಿಗೆ ಈ ಊರಾಗ ಇಲ್ಲ ಸಾಟಿ!"

ಸಿಳ್ಳೆ ಬಿದ್ದವು ನೋಡಿ! ಮರುದಿನ ಆರ್ಕೆಸ್ಟ್ರಾ ಬಂದಿತ್ತು. ಆದರೂ ಜನ "ಮೊದಲ ಕಥಿ, ಆಮ್ಯಾಲ ಹಾಡು" ಎಂದು ಹಟ ಹಿಡಿದರು. ವಿಸರ್ಜನೆಯ ತನಕ ದಿನಾ ಒಂದು ಕಥೆ ಓದಿದೆ, ದಿನಾ ಹೊಸ ಒಡಪು ಕಟ್ಟಿದೆ. ಯಾರದೋ ಮೊಬೈಲಿನಿಂದ ಅದೆಲ್ಲ ಪುಣೆಗೂ ಮುಟ್ಟಿತು. ಅದನ್ನು ನೋಡಿಯೇ ಪ್ರಕಾಶಕರು ನಿಮಗೆ ಬರೆದದ್ದು, ನೀವು ಒಲ್ಲೆ ಎಂದ ಮೇಲೆ ಒಪ್ಪಿಗೆ ಪತ್ರ ನನಗೆ ಕಳಿಸಿದರು.

ಹಾಗಾಗಿ, ಓದುವವರಿಲ್ಲ ಎನ್ನುವ ನಿಮ್ಮ ನೆಪ ಇನ್ನು ನಡೆಯುವುದಿಲ್ಲ. ಒಪ್ಪಿಗೆ ಪತ್ರ ಜೊತೆಗಿಟ್ಟಿದ್ದೇನೆ, ಸುಮ್ಮನೆ ಸಹಿ ಹಾಕಿ. ನಿಮ್ಮ ಮೇಲಿನ ಸಿಟ್ಟು ಬೇರೆ, ಅದು ಇದ್ದಲ್ಲೇ ಇದೆ. ಅದನ್ನು ಆ ಕಥೆಗಳ ಮೇಲೆ ನಾನು ಯಾಕೆ ತೀರಿಸಿಕೊಳ್ಳಲಿ?

ನಿಮ್ಮನ್ನು ಓದುವವಳು,
ಇಂದುಮತಿ

ತಾ.ಕ.: ಲಕೋಟೆಯ ಮೇಲಿನ ಅಕ್ಷರ ನೋಡಿದಿರಾ? ಮೊದಲೆಲ್ಲ ನಿಮ್ಮ ಹೆಸರನ್ನು ಬೇರೆಯವರ ಕೈಯಲ್ಲಿ ಬರೆಸುತ್ತಿದ್ದೆ. ಈ ಸಲ ನಾನೇ ಬರೆದೆ, ಒಡಪಿಲ್ಲದೆ. ಬರೆಯುವ ಮೊದಲು ಬಾಗಿಲು ಹಾಕಿಕೊಂಡು ಒಂದು ಸಲ ಜೋರಾಗಿ ಕೂಗಿಯೂ ನೋಡಿದೆ. ಮನೆಯಲ್ಲಿ ಯಾರೂ ಓಗೊಡಲಿಲ್ಲ. ಸಹಿ ಹಾಕಿದ ಕಾಗದ ಅಂಚೆಗೆ ಹಾಕಬೇಡಿ, ನೀವೇ ತನ್ನಿ.