ಬಾಲ್ಕನಿಯಲ್ಲಿ ನೇತಾಡಿದ ಅಮ್ಮನ ನಗು

೯ ಏಪ್ರಿಲ್, ಮಂಗಳವಾರ

ಅಣ್ಣನ ಮುಖ ನೆನೆಸಿಕೊಂಡರೆ ಇನ್ನೂ ಮೈ ಉರಿಯುತ್ತಿದೆ. ಅಮ್ಮ ಹಾಲಿನವನನ್ನು ಬೈಯುತ್ತಾ ಬೈಯುತ್ತಾ ನಕ್ಕುಬಿಡುವ ವಿಡಿಯೊ ಇದ್ದ ಸಿ.ಡಿ.ಯನ್ನು ಎರಡು ಬೇಸಿಗೆಯಿಂದ ತನ್ನ ಮನೆಯ ಬಾಲ್ಕನಿಯಲ್ಲಿ ದಾರ ಕಟ್ಟಿ ನೇತುಹಾಕಿದ್ದಾನೆ, ಪಾರಿವಾಳ ಓಡಿಸಲು!

"ಒಂದು ಗೀರೂ ಬಿದ್ದಿಲ್ಲ ನೋಡೇ. ಬೇಕಾದಾಗ ಬಿಚ್ಚಿ ಹಾಕಿದ್ರಾಯ್ತು."

"ಇದು ಮನೇಲಿ ಬರೆದ ಸಿ.ಡಿ. ಕಣಣ್ಣಾ, ಒಳಗಿರೋದು ಬರೀ ಬಣ್ಣ. ಬಿಸಿಲಿಗೆ ಕಿಟಕಿ ಪರದೆ ಮಾಸಲ್ವಾ, ಹಾಗೇ ಇದೂ ಮಾಸುತ್ತೆ."

"ಬಂದ್ಲಪ್ಪ ಪಂಡಿತೆ," ಎಂದು ಪ್ಲೇಯರಿಗೆ ಹಾಕಿದ. ಗರಗರ ತಿರುಗಿ ಉಗುಳಿತು. ಅಂಗಿಗೆ ಒರೆಸಿ ಮತ್ತೆ ಹಾಕಿದ, ಮತ್ತೆ ಉಗುಳಿತು. ಆಮೇಲೆ ಕೂತು ಅತ್ತ. ಅಳಲಿ. ಅಮ್ಮ ತೀರಿಕೊಂಡ ವಾರವೇ "ನೀನು ಕಳೆದುಹಾಕ್ತೀಯ, ಕೊಡಿಲ್ಲಿ" ಎಂದು ನನ್ನ ಕೈಯಿಂದ ಕಿತ್ತುಕೊಂಡವನು ಇವನೇ. ಪಾರಿವಾಳಗಳಾದರೂ ಹೆದರಿದವೇ? ಬಾಲ್ಕನಿ ತುಂಬ ಹಿಕ್ಕೆ.

ಅವನ ಬುದ್ಧಿ ಗೊತ್ತಿದ್ದೇ, ಅವನು ಕಿತ್ತುಕೊಳ್ಳುವ ಮೊದಲೇ ಇನ್ನೊಂದು ಪ್ರತಿ ಮಾಡಿ, ಕಪ್ಪು ಬಟ್ಟೆ ಸುತ್ತಿ ಬೀರುವಿನ ತಳದಲ್ಲಿಟ್ಟಿದ್ದೆ. ಬಾಯಿ ಬಿಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದೆ. ಅಮ್ಮ ಸ್ವಲ್ಪವೂ ಮಾಸಿಲ್ಲ.

ಒಂದು ಮರೆತೇಹೋಗಿತ್ತು. ಅವಳು ನಗುವುದು ಹಾಲಿನವನ ಹಿಂದೆ ನಿಂತು ಅಣಕಿಸುತ್ತಿರುವ ಅಣ್ಣನನ್ನು ಕಂಡು.

ಆದರೂ ಹೇಳುವುದಿಲ್ಲ. ನಾಳೆಯಂತೂ ಹೇಳುವುದಿಲ್ಲ.