ಒಂದನೇ ಮಹಡಿಯ ಇಪ್ಪತ್ನಾಲ್ಕು ಕಂಬಗಳು

ಪಡುಗಾಳಿ, ಆರನೇ ಮಹಡಿ
ಮೊದಲ ತುಂಬಿನ ಅರವತ್ತೊಂದನೇ ಚಳಿಗಾಲ. ನಿಮ್ಮ ಎಣಿಕೆಯಲ್ಲಿ 29 ಡಿಸೆಂಬರ್ 2198

ಪಡುಗಾಳಿ ರೆಸಿಡೆನ್ಸಿಯಲ್ಲಿ ಮನೆ ಕಾದಿರಿಸಿ, ಕಟ್ಟಡ ಎಲ್ಲಿಯವರೆಗೆ ಎದ್ದಿತು ಎಂದು ಭಾನುವಾರ ಭಾನುವಾರ ನೋಡಲು ಬರುವವರಿಗೆ,

ನಮಸ್ಕಾರ. ಮೇಲಿನ ತಾರೀಕು ಕೈತಪ್ಪಿ ಬರೆದದ್ದಲ್ಲ. ನೀವಿನ್ನೂ ವಾಸಕ್ಕೆ ಬಂದಿರದ ಕಟ್ಟಡದಲ್ಲಿ, ನೂರೆಪ್ಪತ್ತೆರಡು ವರ್ಷಗಳ ಆಚೆ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಬರೆಯುತ್ತಿದ್ದೇನೆ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ವರ್ಷಕ್ಕೊಮ್ಮೆ ಒಂದು ಕಟ್ಟಡದವರು ಹಿಂದಿನ ಕಾಲಕ್ಕೆ ಒಂದು ಪತ್ರ ಕಳಿಸಬಹುದು. ಈ ಸಲದ ಪತ್ರ ನನ್ನ ಪಾಲಿಗೆ ಬಂದಿದೆ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ (ಅದು ಇನ್ನೂ ಇದೆ). ಹಾಗಾಗಿ ವಿಚಿತ್ರದಲ್ಲಿ ಕಾಲದ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ನನಗೂ ಖಚಿತವಿಲ್ಲ.

ನನ್ನ ಹೆಸರು ಪದ್ಮಲತಾ, ವಯಸ್ಸು ನಲವತ್ತಾರು. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ: ಕಟ್ಟಡ ನಿಂತಿದೆ. ನಿಮ್ಮ ಒಂಬತ್ತು ಮಹಡಿಗಳಲ್ಲಿ ಒಂಬತ್ತರಲ್ಲೂ ಜನರಿದ್ದಾರೆ. ಸಮುದ್ರ ಮಾತ್ರ ಮುಂದೆ ಬಂದಿದೆ. ಕಾರು ನಿಲ್ಲಿಸಲೆಂದು ನೀವು ಜಗಳವಾಡಿ ಹಂಚಿಕೊಳ್ಳಲಿರುವ ಪಾರ್ಕಿಂಗ್ ಜಾಗವನ್ನು ಅರವತ್ತೊಂದು ವರ್ಷಗಳ ಹಿಂದೆ ನಮ್ಮ ಹಿರಿಯರು ಕೆಂಪುಕಲ್ಲು, ಸುಣ್ಣ ತುಂಬಿ ಗಟ್ಟಿ ಮಾಡಿದರು. ಇದಕ್ಕೆ ತುಂಬು ಎನ್ನುತ್ತೇವೆ. ಭರತದ ಹೊತ್ತಿಗೆ ನೀರು ಆ ತುಂಬನ್ನು ಸುತ್ತುವರಿದು ಒಂದನೇ ಮಹಡಿಯ ಕಿಟಕಿಗಳ ಕೆಳಗೆ ನಿಲ್ಲುತ್ತದೆ, ಇಳಿತಕ್ಕೆ ಹೋಗಿಬಿಡುತ್ತದೆ. ಮೆಟ್ಟಿಲಲ್ಲಿ ನೀವು ಅಂಟಿಸಲಿರುವ ಸೂಚನಾಫಲಕ ಇನ್ನೂ ಇದೆ, ಲಿಫ್ಟ್ ಇನ್ನೂ ಕೈಕೊಡುತ್ತದೆ, ಸಂಘದ ಸಭೆಗೆ ಈಗಲೂ ಮೊದಲ ಕರೆಗೆ ಸಾಕಷ್ಟು ಜನ ಸೇರುವುದಿಲ್ಲ.

ನಮ್ಮ ವರ್ಷದ ಅತಿ ಸಂತೋಷದ ಕಾಲ ಈ ಚಳಿಗಾಲ. ಚಳಿ ಎಂದರೆ ನಿಮ್ಮ ಕಾಲದಂತೆಯೇ, ಬೆಳಿಗ್ಗೆ ಒಂದು ಶಾಲು ಬೇಕು, ಒಂಬತ್ತು ಗಂಟೆಗೆ ಬೇಡ. ಆದರೆ ಮೂಡುಗಾಳಿ ಬೀಸತೊಡಗಿದರೆ ಗೋಡೆ ಒಣಗುತ್ತದೆ, ಸಮುದ್ರ ತಟ್ಟೆಯಂತೆ ಮಲಗುತ್ತದೆ. ಆಗ ಉಪ್ಪಿಳಿಕೆ ಶುರು. ಮಳೆಗಾಲವಿಡೀ ಗೋಡೆ ಕುಡಿದ ಉಪ್ಪನ್ನು ಗೀಚಿ, ಸಿಹಿನೀರಿನ ಬಟ್ಟೆ ಹಚ್ಚಿ ಹೊರಗೆಳೆದು, ಸುಣ್ಣ ಬಳಿಯುವ ಕೆಲಸ. ಯಾರೂ ತಮ್ಮ ಗೋಡೆಯನ್ನು ತಾವೇ ಮಾಡಿಕೊಳ್ಳುವಂತಿಲ್ಲ. ಮೇಲಿನವರದ್ದನ್ನು ಕೆಳಗಿನವರು, ಕೆಳಗಿನವರದ್ದನ್ನು ಮೇಲಿನವರು ಮಾಡಬೇಕು. ಇದರಿಂದ ಕೆಲಸ ಚೆನ್ನಾಗಿ ಆಗುತ್ತದೆಂದು ಹೇಳುತ್ತಾರೆ. ನಾನು ಕಂಡಂತೆ ಇದರಿಂದ ಆಗುವುದು ಹೆಚ್ಚಾಗಿ ಚಹಾ. ಹತ್ತು ಗಂಟೆಗೆ ಒಂದು ಮನೆಯ ಅವಲಕ್ಕಿ, ಹನ್ನೊಂದಕ್ಕೆ ಇನ್ನೊಂದು ಮನೆಯ ಗೋಳಿಬಜೆ. ಸಂಜೆಯ ಹೊತ್ತಿಗೆ ಗೋಡೆಗಿಂತ ನಮ್ಮ ಮೈಯೇ ಹೆಚ್ಚು ತುಂಬಿಕೊಂಡಿರುತ್ತದೆ.

ಉಪ್ಪಿಳಿಕೆಯ ಕೊನೆಗೆ ಕಂಬ ಬಡಿಯುವುದು. ಪ್ರತಿ ವರ್ಷ ಒಬ್ಬರಿಗೆ ಆ ಸರದಿ. ಅವರು ಗಂಡಸಾದರೆ ಕಿವಿಗಾರ, ಹೆಂಗಸಾದರೆ ಕಿವಿಗಾರ್ತಿ. ಸಣ್ಣ ಸುತ್ತಿಗೆ ಹಿಡಿದು ಒಂದನೇ ಮಹಡಿಯ ಇಪ್ಪತ್ನಾಲ್ಕು ಕಂಬಗಳನ್ನೂ ಬಡಿದು ಕೇಳಬೇಕು. ಗಟ್ಟಿ ಕಂಬ ‘ಟಣ್’ ಎನ್ನುತ್ತದೆ, ಒಳಗೆ ಟೊಳ್ಳಾದದ್ದು ‘ಡಬ್’ ಎನ್ನುತ್ತದೆ. ನಾಲ್ಕರವರೆಗೆ ಡಬ್ ಎಂದರೆ ರಿಪೇರಿ. ಐದಾದರೆ ಆ ಮಹಡಿಯನ್ನೂ ಕಲ್ಲು ಹಾಕಿ ತುಂಬಬೇಕು. ಅಲ್ಲಿನ ಆರು ಮನೆಯವರು ಮೇಲಕ್ಕೆ ಹೋಗಿ, ಬೇರೆಯವರು ಬಿಟ್ಟುಕೊಟ್ಟ ಕೋಣೆಗಳಲ್ಲಿ ಇರಬೇಕು. ಬಡಿಯುವ ದಿನ ಆ ಮಹಡಿಯವರೆಲ್ಲ ಟೆರೇಸಿನಲ್ಲಿರಬೇಕೆಂಬ ನಿಯಮವೂ ಇದೆ. ಅವರ ಮುಖ ನೋಡಿದರೆ ಕಿವಿ ಸುಳ್ಳು ಹೇಳೀತು ಎಂಬ ಭಯ.

ಈ ಸಲದ ಕಿವಿಗಾರ್ತಿ ನಾನು.

ಒಂದನೇ ಮಹಡಿಯಲ್ಲಿ ಸೆವ್ರಿನ್ ಬಾಯಿ ಇದ್ದಾರೆ. ಎಪ್ಪತ್ತೊಂಬತ್ತು ವರ್ಷ, ಹುಟ್ಟಿದ್ದೂ ಅದೇ ಮನೆಯಲ್ಲಿ. ನಾವು ಅವರನ್ನು ಬಾಯಮ್ಮ ಎನ್ನುತ್ತೇವೆ. ಭರತದ ಹೊತ್ತಿಗೆ ಮೀನಿನ ಕುಸುಮ ದೋಣಿಯನ್ನು ಅವರ ಅಡುಗೆಮನೆಯ ಕಿಟಕಿಗೆ ತಂದು ನಿಲ್ಲಿಸುತ್ತಾಳೆ. ಮೇಲಿನ ಮಹಡಿಗಳ ನಾವು ಹಗ್ಗ ಕಟ್ಟಿ ಬುಟ್ಟಿ ಇಳಿಸಿ, ಅವಳು ಹಾಕಿದ್ದನ್ನು ಎಳೆದುಕೊಳ್ಳಬೇಕು. ಬಾಯಮ್ಮನಾದರೋ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಾರೆ.

“ಈ ಬಂಗುಡೆಯ ಕಣ್ಣು ನೋಡು ಕುಸುಮ, ನನ್ನ ಕಣ್ಣಿಗಿಂತ ಮಂಜಾಗಿದೆ.”

“ನಿಮ್ಮ ಕಣ್ಣಿಗೆ ಎಂತ ಆಗಿದೆ ಬಾಯಮ್ಮ? ಒಂದು ಮೈಲು ದೂರದ ದೋಣಿಯಲ್ಲಿ ಎಂತ ಮೀನು ಉಂಟು ಅಂತ ಹೇಳ್ತೀರಿ!”

ಹೀಗೆ ಅರ್ಧ ಗಂಟೆ ನಡೆಯುತ್ತದೆ. ನಾನು ಆರನೇ ಮಹಡಿಯಿಂದ ಕೇಳುತ್ತ ನಗುತ್ತೇನೆ. ಅವರ ಮಗಳಿಗೆ ಗುಡ್ಡದ ಮೇಲೆ ದೊಡ್ಡ ಮನೆಯಿದೆ, ಹತ್ತು ಸಲ ಕರೆದಿದ್ದಾಳೆ. “ಅಲ್ಲಿ ಕಿಟಕಿ ತೆಗೆದ್ರೆ ಗೋಡೆ ಕಾಣ್ತದೆ. ಗೋಡೆ ಹತ್ರ ಎಂತ ಮಾತಾಡುದು?” ಎಂದು ಬಾಯಮ್ಮ ಹೋಗಲಿಲ್ಲ.

ಕಂಬ ಬಡಿಯುವುದು ಯಾವಾಗಲೂ ಜನವರಿಯಲ್ಲಿ. ಈ ವರ್ಷ ಮೂಡುಗಾಳಿ ಬೇಗ ಬಂತು. ಡಿಸೆಂಬರ್ ನಾಲ್ಕಕ್ಕೇ ಗೋಡೆಗಳು ಒಣಗಿದ್ದವು. ಜನವರಿಯವರೆಗೆ ಕಾಯುವುದೇಕೆ, ರಿಪೇರಿಗೆ ಒಂದು ತಿಂಗಳು ಹೆಚ್ಚು ಸಿಗುತ್ತದಲ್ಲ ಎಂದು ನಾನು ಯೋಚಿಸಿದೆ. ಒಳ್ಳೆಯ ಯೋಚನೆ ಎಂದು ಎಲ್ಲರೂ ಹೊಗಳಿದರು. ನನಗೂ ಹಾಗೆಯೇ ಅನ್ನಿಸಿತು. ಈಗ ನೆನೆದರೆ ಆ ಹೊಗಳಿಕೆ ನನಗೆ ಬೇಕಾಗಿತ್ತೇನೋ.

ಆ ದಿನ ಆರು ಮನೆಯವರೂ ಊಟ ಕಟ್ಟಿಕೊಂಡು ಟೆರೇಸಿಗೆ ಹೋದರು. ನಾನು ಒಬ್ಬಳೇ ಕೆಳಗೆ. ವರ್ಷ ವರ್ಷವೂ ಸುಣ್ಣ ಮೆತ್ತಿಸಿಕೊಂಡು ನಮ್ಮ ಕಂಬಗಳು ಆನೆಯ ಕಾಲಿನಂತಾಗಿವೆ, ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದನ್ನೂ ಮೂರು ಮೂರು ಕಡೆ ಬಡಿದೆ. ಮೂರನೆಯ ಕಂಬ ಡಬ್ ಎಂದಿತು. ಆರನೆಯದು ಡಬ್. ಏಳನೆಯದು, ಬಾಯಮ್ಮನ ಅಡುಗೆಮನೆಯದು, ಡಬ್. ಕೊನೆಗೆ ಒಂಬತ್ತಾದವು. ಮತ್ತೊಮ್ಮೆ ಬಡಿದೆ, ಅದೇ ಒಂಬತ್ತು.

ಸಂಜೆ ಟೆರೇಸಿನಲ್ಲಿ ಹೇಳಿದೆ. ಬಾಯಮ್ಮ ಊಟದ ಡಬ್ಬಿಯ ಮುಚ್ಚಳ ಹಾಕಿ, “ಒಂಬತ್ತಾ? ಹಾಗಾದ್ರೆ ಎಂತ ಮಾಡ್ಲಿಕ್ಕಾಗ್ತದೆ. ಕಿವಿಗಾರ್ತಿ ಹೇಳಿದ ಮೇಲೆ ಆಯ್ತು” ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು. ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕೆಂದಾಯಿತು. ಬಾಯಮ್ಮನಿಗೆ ನನ್ನ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಡುತ್ತೇನೆ ಎಂದೆ. ಅದು ಪ್ರೀತಿಯೋ ಅಪರಾಧಿಯ ಅವಸರವೋ ಎಂದು ಅಂದಿನಿಂದ ಕೇಳಿಕೊಳ್ಳುತ್ತಲೇ ಇದ್ದೆ.

ಡಿಸೆಂಬರ್ ಹದಿನೆಂಟರಂದು ಅವರ ಸಾಮಾನು ಸಾಗಿಸಲು ಹೋದೆ. ಪಾತ್ರೆ ಕಟ್ಟಿ ಮುಗಿದಿತ್ತು. ಬಾಯಮ್ಮ ಕುಟ್ಟಾಣಿಯ ಒನಕೆ ಎತ್ತಿಕೊಂಡವರೇ ಏಳನೆಯ ಕಂಬಕ್ಕೆ ಒಂದು ಹೊಡೆದರು.

“ಅಯ್ಯೋ ಬಾಯಮ್ಮ, ಎಂತ ಮಾಡುದು ನೀವು! ಅದು ಕಂಬ!”

“ಕಂಬ ಅಲ್ಲ ಮಾರಾಯ್ತಿ, ಮಿಡಿ ಉಪ್ಪಿನಕಾಯಿ.”

ಸುಣ್ಣದ ಹೊದಿಕೆ ಉದುರಿತು, ಹಿಂದಿನ ಹಳೆಯ ಹೆಂಚು ಕಳಚಿತು, ಒಳಗೆ ಬಟ್ಟೆ ಕಟ್ಟಿದ ಭರಣಿ ಕುಳಿತಿತ್ತು. ಅದರ ಹಿಂದೆ ನಿಜವಾದ ಕಂಬ.

ಉಳಿದದ್ದನ್ನು ಬಾಯಮ್ಮನೇ ಹೇಳಿದರು. ಮಳೆಗಾಲದ ಉಪ್ಪುಗಾಳಿಗೆ ಒಂದನೇ ಮಹಡಿಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಆ ಮಹಡಿಯ ಹೆಂಗಸರು ಮೇ ತಿಂಗಳಲ್ಲಿ ಭರಣಿಯನ್ನು ಕಂಬಕ್ಕೆ ಒತ್ತಿ ಇಟ್ಟು, ಹೆಂಚು ನಿಲ್ಲಿಸಿ, ಸುಣ್ಣ ಮೆತ್ತಿ ಮುಚ್ಚುತ್ತಾರೆ. ಒಡೆಯುವುದು ಕ್ರಿಸ್ಮಸ್ಸಿನ ವಾರದಲ್ಲಿ. ಜನವರಿಯಲ್ಲಿ ಬಡಿಯಲು ಬಂದ ಯಾವ ಕಿವಿಗಾರನಿಗೂ ಇದು ಅಡ್ಡ ಬಂದಿರಲಿಲ್ಲ. ಮೇಲಿನವರಾದ ನಮಗೆ ಗೊತ್ತೂ ಇರಲಿಲ್ಲ.

“ನೀವು ಒಂದು ಮಾತು ಹೇಳಬಾರದಿತ್ತಾ?”

“ನೀನು ಕೇಳಿದ್ದು ಯಾವಾಗ ಪದ್ದು? ನಮ್ಮನ್ನು ಟೆರೇಸಿಗೆ ಓಡಿಸಿದೆ. ಇಷ್ಟು ಓದಿದವಳಿಗೆ ಭರಣಿ ಯಾವುದು, ಕಂಬ ಯಾವುದು ಅಂತ ಕಿವಿಯಲ್ಲಿ ಗೊತ್ತಾಗ್ತದೆ ಅಂತ ನಾನು ಗ್ರಹಿಸಿದ್ದು.”

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಕಷ್ಟದ್ದು. ತಪ್ಪಾಯಿತೆಂದು ಗೊತ್ತಾದೊಡನೆ ಎಲ್ಲ ಕಂಬಗಳೂ ಗಟ್ಟಿಯಿರಲಿ ಎಂಬ ಆಸೆ ಹುಟ್ಟಿತು. ಆಸೆ ಹುಟ್ಟಿದ ಕಿವಿಯನ್ನು ನಂಬುವುದು ಹೇಗೆ? ಮೂರನೇ ಮಹಡಿಯ ಇದಿನಬ್ಬ ಅವರನ್ನು ಕರೆದೆ. ಸುಣ್ಣ ಹದ ಮಾಡುವುದರಲ್ಲಿ ನಲವತ್ತು ವರ್ಷ ಕಳೆದವರು. ಅವರು ತಮಗೆ ಬೇಕಾದ ಕ್ರಮದಲ್ಲಿ ಬಡಿಯಲಿ, ನಾನು ಗೋಡೆಗೆ ಮುಖ ಮಾಡಿ ಕೇಳುತ್ತೇನೆ, ಯಾವ ಕಂಬವೆಂದು ನನಗೆ ತಿಳಿಯದಿರಲಿ ಎಂದೆ. ಈ ಸಲ ಯಾರನ್ನೂ ಟೆರೇಸಿಗೆ ಕಳಿಸಲಿಲ್ಲ. ಆರು ಮನೆಯವರೂ ಮೊದಲು ತಂತಮ್ಮ ಭರಣಿ ತೆಗೆದು ತೋರಿಸಿದರು. ಒಟ್ಟು ಏಳು ಇದ್ದವು.

“ಬಾಯಮ್ಮ, ನಾನು ಬಡಿಯುವಾಗ ಮಾತಾಡ್ಬೇಡಿ” ಎಂದರು ಇದಿನಬ್ಬ.

“ನಾನು ಮಾತಾಡ್ಲಿಕ್ಕಿಲ್ಲ. ನೀನು ಸರೀ ಬಡಿ. ಮೊನ್ನೆ ಬಳಿದ ಸುಣ್ಣದ ಹಾಗೆ ಮಾಡ್ಬೇಡ.”

“ಮೊನ್ನೆ ಬಳಿದ ಸುಣ್ಣಕ್ಕೆ ಎಂತ ಆಗಿದೆ?”

“ಅದು ಬಿಡು. ಬಡಿ.”

ಟಣ್, ಟಣ್, ಟಣ್. ಬಾಯಮ್ಮ ನಿಜವಾಗಿಯೂ ಮಾತಾಡಲಿಲ್ಲ. ಅವರ ಜಪಮಣಿಗಳು ಒಂದಕ್ಕೊಂದು ತಾಗುವುದಷ್ಟೇ ನಡುನಡುವೆ ಕೇಳಿಸುತ್ತಿತ್ತು. ಎರಡು ಸಲ ‘ಡಬ್’ ಬಂತು. ಎರಡೇ ಸಲ. ನಾನು ತಿರುಗಿ ನೋಡಿದಾಗ ಇದಿನಬ್ಬ ಎರಡು ಬೆರಳು ಎತ್ತಿ ನಿಂತಿದ್ದರು, ಆರೂ ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಂದರೆ ಮಹಡಿ ಉಳಿಯಿತು. ಬಾಯಮ್ಮ ಕಟ್ಟಿಟ್ಟ ಪಾತ್ರೆಗಳ ಹಗ್ಗ ಬಿಚ್ಚತೊಡಗಿದರು.

ಸಂಜೆಯ ಸಭೆಯಲ್ಲಿ ನಾನು ನನ್ನ ತಪ್ಪನ್ನು ಬರೆದು ತಂದು ಓದಿದೆ. ಎರಡನೆಯ ಪುಟಕ್ಕೆ ಬಂದಾಗ ಬಾಯಮ್ಮ ಅರ್ಧಕ್ಕೇ ತಡೆದರು: “ಸಾಕು ಪದ್ದು, ಕೂತ್ಕೋ. ಇಷ್ಟು ತಪ್ಪು ಪಾದ್ರಿ ಹತ್ರ ನಾನು ಕೂಡ ಒಪ್ಪಿಕೊಂಡಿಲ್ಲ.” ಮುಂದಿನ ವರ್ಷದಿಂದ ಕಿವಿಗಾರರು ಮೊದಲು ಪ್ರತಿ ಮನೆಯಲ್ಲೂ ಕುಳಿತು, ಕಂಬದ ಬಗ್ಗೆ ಮನೆಯವರನ್ನು ಕೇಳಿಯೇ ಬಡಿಯಬೇಕೆಂದು ನಿಯಮ ತಿದ್ದಿದೆವು. ಮೊದಲ ಕರೆಗೇ ಸಾಕಷ್ಟು ಜನ ಸೇರಿದ್ದ ಸಭೆ ನನ್ನ ನೆನಪಿನಲ್ಲಿ ಅದೊಂದೇ.

ಇನ್ನು ನಾನು ಈ ಪತ್ರ ಬರೆಯಲು ಕಾರಣ. ಆ ಎರಡು ಟೊಳ್ಳು ಕಂಬಗಳನ್ನು ಕಳೆದ ವಾರ ಬಿಚ್ಚಿದೆವು. ಅವನ್ನು ಹಾಳು ಮಾಡಿದ್ದು ಉಪ್ಪಲ್ಲ, ಸಮುದ್ರವೂ ಅಲ್ಲ. ಎದೆಯೆತ್ತರದಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಜಲ್ಲಿಕಲ್ಲುಗಳ ನಡುವೆ ಸಿಮೆಂಟು ಇಳಿದೇ ಇರಲಿಲ್ಲ. ಹೊರಪದರ ಗಟ್ಟಿಯಿದ್ದಷ್ಟು ಕಾಲ ಟಣ್ ಎನ್ನುತ್ತಿದ್ದವು, ಈಗ ಅದೂ ಸಡಿಲಿದೆ. ಬೆರಳು ಹಾಕಿದರೆ ಕಲ್ಲು ಕೈಗೆ ಬಂತು. ಇದಿನಬ್ಬ ಒಂದು ಕಲ್ಲನ್ನು ತಿರುಗಿಸಿ ನೋಡಿ, “ಇದು ಸಂಜೆ ಹಾಕಿದ ಕಾಂಕ್ರೀಟು. ಅದನ್ನು ಕಂಬಿಯಲ್ಲಿ ಕುಕ್ಕಿ ಕೂರಿಸುವವನಿಗೆ ಹಸಿವಾಗಿತ್ತು” ಎಂದರು. ನಾವೆಲ್ಲ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟೂ ಬರಲಿಲ್ಲ. ದಿನವಿಡೀ ಬಿಸಿಲಲ್ಲಿ ಬಾಂಡ್ಲಿ ಹೊತ್ತವನಿಗೆ ಆರು ಗಂಟೆಗೆ ಮನೆಯ ನೆನಪಾಗುವುದು ತಪ್ಪೇ? ಅವಸರ ಮಾಡಿದ್ದು ನಾನೂ ಹೌದಲ್ಲ, ಅದೂ ಹೊಟ್ಟೆ ತುಂಬಿದ್ದಾಗ.

ಎರಡನ್ನೂ ಈಗ ತಂತಿ ಸುತ್ತಿ, ಹೊಸ ಗಾರೆ ತುಂಬಿ ಕಟ್ಟಿದ್ದೇವೆ. ಎಷ್ಟು ವರ್ಷ ತಡೆಯುತ್ತದೋ ಹೇಳಲಾರೆ. ಇನ್ನು ಮೂರು ಕಂಬ ಕೈಕೊಟ್ಟರೆ ಬಾಯಮ್ಮ ಮತ್ತೆ ಪಾತ್ರೆ ಕಟ್ಟಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಬರುವ ಭಾನುವಾರ ನೀವು ಬಂದಾಗ ಅಡುಗೆಮನೆಗೆ ಯಾವ ಬಣ್ಣದ ಟೈಲ್ಸ್ ಎಂದು ಆಮೇಲೆ ಮಾತಾಡಿ. ಮೊದಲು ಒಂದನೇ ಮಹಡಿಗೆ ಹೋಗಿ. ಸಮುದ್ರದ ಕಡೆಯ ಮೂಲೆಯಿಂದ ಎಣಿಸಿದರೆ ಮೂರನೆಯದು ಮತ್ತು ಹತ್ತೊಂಬತ್ತನೆಯದು. ಆ ಎರಡು ಕಂಬಗಳಿಗೆ ಇನ್ನೂ ಕಾಂಕ್ರೀಟು ಹಾಕಿರದಿದ್ದರೆ, ಹಾಕುವ ದಿನ ನಿಮ್ಮಲ್ಲೊಬ್ಬರು ಸಂಜೆ ಅಲ್ಲಿರಿ. ಗದರಿಸಬೇಡಿ, ಮೇಸ್ತ್ರಿಗೆ ದೂರು ಕೊಡಬೇಡಿ. ಕುಕ್ಕುವವರಿಗೆ ಬಿಸಿ ಚಹಾ, ನಾಲ್ಕು ಬನ್ಸು ತೆಗೆದುಕೊಂಡು ಹೋಗಿ. ತಿಂದಾದ ಮೇಲೆ ಇನ್ನು ಹತ್ತು ನಿಮಿಷ ಕುಕ್ಕಿ ಎಂದು ಕೇಳಿಕೊಳ್ಳಿ. ಯಾಕೆ ಎಂದು ಅವರು ಕೇಳಿದರೆ, ಇಲ್ಲೊಬ್ಬರು ಮೀನು ಕೊಳ್ಳುವವರಿದ್ದಾರೆ ಎಂದು ಹೇಳಿ.

ನೀವು ಹಾಗೆ ಮಾಡಿದರೆ ನಾವು ಕಟ್ಟಿದ ಗಾರೆ ಏನಾಗುತ್ತದೆ, ನನಗೆ ಈ ಪತ್ರ ಬರೆದ ನೆನಪಾದರೂ ಉಳಿಯುತ್ತದೆಯೇ ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ಉಳಿಯದಿದ್ದರೂ ಚಿಂತೆಯಿಲ್ಲ. ಇವತ್ತು ಮಧ್ಯಾಹ್ನ ಅಂಚೆ ಹೋಗುತ್ತದೆ. ನಾಳೆ ಬೆಳಿಗ್ಗೆ ಭರತಕ್ಕೆ ಮೊದಲು ಕೆಳಗಿಳಿದು, ಬಾಯಮ್ಮನ ಬಾಗಿಲು ತಟ್ಟಿ ಕೇಳಿಕೊಂಡು, ಅವರ ಹಿಂದಿನ ಕೋಣೆಯ ಹತ್ತೊಂಬತ್ತನೆಯ ಕಂಬಕ್ಕೆ ಒಮ್ಮೆ ಬಡಿದು ನೋಡುತ್ತೇನೆ.

ನಿಮ್ಮ ಮನೆಗಳಲ್ಲಿ ವಾಸಿಸುತ್ತಿರುವ
ಪದ್ಮಲತಾ