ದೊರೆಸಾನಿಯ ಸಿಕ್ಕು

ಮಾರ್ಚ್ 3, ಸೋಮವಾರ

ಮತ್ತೆ ಸೋಫಾ ತುಂಬ ಕೂದಲು. ಒರೆಸಿದೆ. ಹಿಂದೆಯೇ ಬಂದು ಅಲ್ಲೇ ಮಲಗಿತು ದೊರೆಸಾನಿ. ಅತ್ತೆಯ ಬೆಕ್ಕು — ಮೈಗಿಂತ ಕೂದಲು ಜಾಸ್ತಿ, ಕೂದಲಿಗಿಂತ ಜಂಬ ಜಾಸ್ತಿ. ಅತ್ತೆ ಬಾತ್‌ರೂಮಿನಲ್ಲಿ ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡು ಮಗಳ ಮನೆ ಸೇರಿ ತಿಂಗಳಾಯ್ತು. ಬೆಕ್ಕು ನನ್ನ ತಲೆಗೆ. ದಿನಾ ಬಾಚುತ್ತಿದ್ದವರು ಅವರೊಬ್ಬರೇ. ಈಗ ಕಂಕುಳಲ್ಲಿ, ಹೊಟ್ಟೆಯಡಿ, ಎಲ್ಲಾ ಗಂಟುಗಂಟು. ಮುಟ್ಟಲು ಹೋದರೆ ಪರಚುತ್ತೆ.

"ನೀನು ಬಿಡು, ನಾನು ನೋಡ್ಕೋತೀನಿ" ಅಂದರು ನಮ್ಮ ಯಜಮಾನರು. ವಿಡಿಯೋ ನೋಡಿದ್ದಾರಂತೆ. ಪಂಡಿತರು!

ಮಾರ್ಚ್ 5, ಸಂಜೆ

ಪಂಡಿತರು ಸಿಕ್ಕು ಬಿಡಿಸದೆ ನೇರ ಸ್ನಾನ ಮಾಡಿಸಿಬಿಟ್ಟರು. ಶಾಂಪೂ, ಬಿಸಿನೀರು, "ಚಿನ್ನಾ, ಬಂಗಾರಾ" ಅಂತ ಮುದ್ದು ಬೇರೆ. ಒಣಗಿದ ಮೇಲೆ ನೋಡಿದರೆ ಗಂಟೆಲ್ಲ ಬಿಗಿದು ಕಂಬಳಿಯ ಹಾಗೆ. ಮುಂಗಾಲು ಸರಿಯಾಗಿ ಎತ್ತಿಡಲೂ ಆಗುತ್ತಿಲ್ಲ ಅದಕ್ಕೆ.

"ವಿಡಿಯೋದಲ್ಲಿ ಇದನ್ನ ಹೇಳೇ ಇಲ್ಲ ಕಣೇ."

ಪಾಪ, ಇವರಿಗೆ ಎಲ್ಲವನ್ನೂ ಯಾರಾದರೂ ಹೇಳಬೇಕು. ಆಮೇಲೆ ಕತ್ತರಿ ಹುಡುಕುತ್ತಿದ್ದರು. ಬಚ್ಚಿಟ್ಟೆ.

ಮಾರ್ಚ್ 6

ಬೆಕ್ಕಿನ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆ. ಗಂಟಿನಡಿ ಚರ್ಮ ಕೆಂಪಾಗಿದೆ, ಹುಣ್ಣಾಗುವ ಮೊದಲೇ ತೆಗೆಯಬೇಕು ಅಂದರು. ಎಚ್ಚರ ತಪ್ಪಿಸಿ ಬೋಳಿಸಬಹುದು... "ಆದ್ರೆ ಹೃದಯ ವೀಕ್ ಇದೆ, ವಯಸ್ಸೂ ಆಗಿದೆ. ಮತ್ತೆ ಏಳುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ ಮೇಡಂ. ಮನೇಲೇ ಸ್ವಲ್ಪಸ್ವಲ್ಪ ಬಿಡಿಸೋಕಾಗುತ್ತಾ ನೋಡಿ." ಕಾರ್ನ್‌ಫ್ಲೋರ್ ಉದುರಿಸಿ, ಬೆರಳಲ್ಲೇ ಬಿಡಿಸಬೇಕಂತೆ.

ಇದಕ್ಕೇನಾದರೂ ಆದರೆ ಅತ್ತೆ ನನ್ನನ್ನು ಸುಮ್ಮನೆ ಬಿಡುವುದುಂಟೆ? ಅದಿಲ್ಲದೆ ಅವರೂ ಉಳಿಯಲಿಕ್ಕಿಲ್ಲ, ಅದೂ ನಿಜ. ಭಯವಾಗಿದೆ, ಸುಳ್ಳೇಕೆ.

ಅತ್ತೆಯ ಫೋನು ಬಂತು. "ದಿನಾ ಬಾಚ್ತಿದೀಯ ತಾನೇ?" ಹೂಂ ಅಂದೆ.

ಮಾರ್ಚ್ 8, ಶನಿವಾರ

ಬೆಳಗ್ಗೆಯಿಂದ ಪರಚಿಸಿಕೊಂಡೇ ಇದ್ದೆ. ಮುದ್ದು ಮಾಡಿದೆ. ಮೀನು ಕೊಟ್ಟೆ. ತಿಂದು, ಬಾಯಿ ಒರೆಸಿಕೊಂಡು, ಮತ್ತೆ ಪರಚಿತು. ತಲೆಕೆಟ್ಟು ಬಾಯಿಗೆ ಬಂದಂತೆ ಬೈಯಲು ಶುರು ಮಾಡಿದೆ — ಎಲ್ಲಾ ನಿನ್ನ ಯಜಮಾನಿ ಕಲಿಸಿದ್ದು, ಅವರಿಗೆ ನಾನು ಮಡಿಸಿದ ಬಟ್ಟೆ ಸರಿಯಿಲ್ಲ, ನಾನು ನಕ್ಕರೆ ಜೋರು, ಮಗ ಒಂದು ಲೋಟ ಎತ್ತಿಟ್ಟರೆ ಅವರ ಜೀವ ಹೋಗುತ್ತೆ... ದೊರೆಸಾನಿ ಕಾಲು ಚಾಚಿ ಮಲಗಿತು! ಗುರ್‌ಗುರ್ ಬೇರೆ.

ಆಗ ಹೊಳೆಯಿತು. ಅತ್ತೆ ಬಾಚುವಾಗೆಲ್ಲ ಬಾಗಿಲು ಮುಂದಕ್ಕೆ ಹಾಕಿಕೊಂಡು ಗೊಣಗುತ್ತಿದ್ದರಲ್ಲ — ನನ್ನದೇ ಪುರಾಣ. ಇಷ್ಟು ವರ್ಷ ನನ್ನ ಮೇಲಿನ ದೂರು ಕೇಳುತ್ತಲೇ ಬಾಚಿಸಿಕೊಂಡಿದೆ. ಬೈಗುಳ ಕಿವಿಗೆ ಬಿದ್ದರೇ ನೆಮ್ಮದಿ ಇದಕ್ಕೆ. ಎಂಥಾ ಮನೆಗೆ ಬಂದು ಬಿದ್ದೆನಪ್ಪಾ.

ಮಾರ್ಚ್ 15

ದಿನಾ ಬೈಯುತ್ತಿದ್ದೇನೆ. ವಿಷಯಕ್ಕೇನು ಬರ. ಹೊಟ್ಟೆ ಪೂರ್ತಿ ಆಯ್ತು, ಬಲಗಂಕುಳಿನ ಗಂಟೂ ಬಿಟ್ಟಿತು. ಯಜಮಾನರು ಬಾಗಿಲಲ್ಲಿ ನಿಂತು, "ಅಮ್ಮನ್ನ ಹೀಗೆಲ್ಲ ಅಂತೀಯಾ?"

"ಚಿಕಿತ್ಸೆ ರೀ ಇದು. ಆಗಲ್ಲ ಅಂದ್ರೆ ನೀವೇ ಬನ್ನಿ."

ಬರುತ್ತಾರೆಯೇ? ಹೋದರು. ಎಡಗಂಕುಳಿನದೊಂದು ಉಳಿದಿದೆ, ಚರ್ಮಕ್ಕೇ ಅಂಟಿದ್ದು.

ಮಾರ್ಚ್ 23, ಭಾನುವಾರ

ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ "ಎಲ್ಲಿ ಅದು?" ನಾನು ಬಾಗಿಲು ತೆಗೆದದ್ದು ಲೆಕ್ಕಕ್ಕಿಲ್ಲ. ತೊಡೆಯ ಮೇಲೆ ಹಾಕಿಕೊಂಡು, ಮೈಯೆಲ್ಲ ತಡವಿ, ಎಡಗಂಕುಳಲ್ಲಿ ಕೈ ನಿಲ್ಲಿಸಿದರು. "ನೀರು ಹಾಕಿದ್ದು ಯಾರು?" ಯಜಮಾನರಿಗೆ ತಕ್ಷಣ ಟೆರೇಸಿನಲ್ಲಿ ಕೆಲಸ ಬಂತು.

ಬಾಚಣಿಗೆ ತಗೊಂಡರು. ಬೆರಳು ಮಡಚಲಿಲ್ಲ. ಬಿತ್ತು. ಮತ್ತೆ ತಗೊಂಡರು, ಮತ್ತೆ ಬಿತ್ತು. ಕೈ ಇನ್ನು ಇಷ್ಟೇ ಅಂದಿದ್ದಾರಂತೆ ಡಾಕ್ಟರು — ಗೋಡೆ ನೋಡಿಕೊಂಡು ಹೇಳಿದರು. ಕಣ್ಣಲ್ಲಿ ನೀರು. ಈ ಹೆಂಗಸು ಅಳುವುದನ್ನು ನೋಡಬೇಕು ಅಂತ ಎಷ್ಟು ಸಲ ಅಂದುಕೊಂಡಿಲ್ಲ ನಾನು! ನೋಡಿದೆ. ಚೆನ್ನಾಗಿರಲಿಲ್ಲ.

ಬಾಚಣಿಗೆ ನನ್ನ ಕಡೆ ತಳ್ಳಿದರು. ಕೂತೆ. ಸುಮ್ಮನೆ ಕೈ ಹಾಕಿದೆ. ಬೆಕ್ಕು ಹಿಸ್ ಅಂದಿತು.

"ಬಾಯಿ ಮುಚ್ಕೊಂಡು ಬಾಚಿದ್ರೆ ಕೂರಲ್ಲ ಅದು. ಬೈಬೇಕು."

"ಯಾರನ್ನ ಅತ್ತೆ?"

"ಉಳಿದ ಗಂಟೆಲ್ಲ ಬಿಡಿಸಿದೀಯಲ್ಲ. ಆಗ ಯಾರನ್ನ ಬೈದ್ಯೋ ಅವರನ್ನೇ. ಬೇಗ, ಅದಕ್ಕೆ ನೋಯ್ತಿದೆ."

"ನಿನ್ನ ಯಜಮಾನಿ..." ಅಂದೆ. ಮುಂದಕ್ಕೆ ಬರಲಿಲ್ಲ.

"ಮುದುಕಿಗೆ ಎಷ್ಟು ಕೊಬ್ಬು ಅನ್ನು." ಅತ್ತೆಯೇ ಹೇಳಿಕೊಟ್ಟರು.

ಅಂದೆ. ಬೆಕ್ಕು ಕಾಲು ಚಾಚಿತು.

"ನಿಲ್ಲಿಸ್ಬೇಡ. ಇನ್ನೂ ಇರುತ್ತಲ್ಲ."

ಇತ್ತು. ಬೇಕಾದಷ್ಟಿತ್ತು. ಆದರೆ ಆ ಸೋತ ಕೈ ಅದರ ತಲೆ ಸವರುತ್ತಿರುವಾಗ ಯಾವ ಬಾಯಿಂದ ಬೈಯಲಿ? ಅವರು ಹೇಳಿಕೊಟ್ಟದ್ದನ್ನೇ ಅನ್ನುತ್ತಾ ಗಂಟು ಬಿಡಿಸಿದೆ.